ಬಂಗಾರದ ಹುಳದ ಜಾಡಿನಲ್ಲಿ ಎಂಟು ದಿನ

ಮೆಲ್ಬರ್ನಿನಲ್ಲಿ ನಮ್ಮ ಬೀದಿಯ ಕೊನೆಯ ಮನೆಯ ಅಜ್ಜ ವರ್ಷಕ್ಕೊಂದೇ ಸಲ ಕೋಟು ತೊಡುತ್ತಿದ್ದರು. ಏಪ್ರಿಲ್ 25, ಯುದ್ಧಗಳಲ್ಲಿ ಮಡಿದವರನ್ನು ಆಸ್ಟ್ರೇಲಿಯ ನೆನೆಯುವ ಆನ್ಜಾಕ್ ದಿನ. ಬೆಳಗಿನ ಜಾವದ ಚಳಿಯಲ್ಲಿ ಸ್ಮಾರಕದ ಮುಂದೆ ನಿಂತ ಉಳಿದ ಮುದುಕರ ಎದೆಯ ಮೇಲೆ ಪದಕಗಳ ಸಾಲು. ಇವರ ಕೋಟಿನ ಅಂಚಿನಲ್ಲಿ ಮಾತ್ರ ಚಿಟಿಕೆಯಷ್ಟು ಬಂಗಾರ. ಬಗ್ಗಿ ನೋಡಿದೆ. ಬೆನ್ನು ಕಮಾನಾಗಿಸಿ ತೆವಳುತ್ತಿರುವ, ಕೆಂಪು ಹರಳಿನ ಕಣ್ಣಿನ ಹುಳ.

"ಇದು ರೇಷ್ಮೆ ಹುಳ ಅಲ್ವಾ?" ಅಂದೆ.

ಅಜ್ಜ ನನ್ನನ್ನೇ ನೋಡಿದರು. ಎಪ್ಪತ್ತು ವರ್ಷದಲ್ಲಿ ಎಲ್ಲರೂ ಇದನ್ನು ಕಂಬಳಿಹುಳ ಅಂತಲೇ ಕರೆದಿದ್ದಾರೆ, ರೇಷ್ಮೆ ಅಂತ ಗುರುತು ಹಿಡಿದವರು ನೀವೇ ಮೊದಲು ಅಂದರು.

ನಾನು ಹಿಡಿಯದೆ ಇನ್ನು ಯಾರು ಹಿಡಿಯಬೇಕು? ಹುಟ್ಟಿದ್ದು ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ. ನಡುಮನೆ ತುಂಬ ತಟ್ಟೆಗಳು, ಗೋಡೆಗೆ ಒರಗಿಸಿಟ್ಟ, ಹುಳ ಗೂಡು ಕಟ್ಟುವ ಚಂದ್ರಿಕೆಗಳು. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ಹುಳ ಸೊಪ್ಪು ಮೇಯುವಾಗ ಹೊರಗೆ ಮಳೆ ಹಿಡಿದಂತೆ ಸದ್ದು. ಆ ಸದ್ದಿನಲ್ಲೇ ಮಲಗಿ ಬೆಳೆದವಳು ನಾನು. ನಮ್ಮಜ್ಜಿ ಹೇಳುತ್ತಿದ್ದಳು: "ಎರಡನೇ ಯುದ್ಧದಾಗೆ ಗೂಡಿಗೆ ಚಿನ್ನದ ರೇಟು ಕಣೇ. ಇಮಾನದಿಂದ ಧುಮುಕೋರಿಗೆ ಕೊಡೆ ಮಾಡೋಕೆ ನಮ್ ರೇಷ್ಮೇನೇ ಬೇಕಿತ್ತಂತೆ." ಅಜ್ಜಿ ಹೇಳಿದ್ದು ಕಟ್ಟುಕತೆಯಲ್ಲ. ಜಪಾನಿನ ರೇಷ್ಮೆ ನಿಂತುಹೋದ ಮೇಲೆ ಮೈಸೂರು ಸಂಸ್ಥಾನದ ರೇಷ್ಮೆಗೆ ಪ್ಯಾರಾಚೂಟಿನ ಬೇಡಿಕೆ ಬಂದಿತ್ತು.

ಅಜ್ಜನ ಕೋಟಿನ ಹುಳ, ಪ್ಯಾರಾಚೂಟಿನಿಂದ ಜೀವ ಉಳಿಸಿಕೊಂಡವರಿಗೆ ಪ್ಯಾರಾಚೂಟ್ ತಯಾರಿಸುವ ಇರ್ವಿನ್ ಕಂಪನಿ ಕೊಡುತ್ತಿದ್ದ ಪಿನ್. ಆ ಕೂಟದ ಹೆಸರು ಕ್ಯಾಟರ್‌ಪಿಲ್ಲರ್ ಕ್ಲಬ್, ಶುರುವಾದದ್ದು 1922ರಲ್ಲಿ. ಜೀವ ನಿಂತಿರುವುದು ಒಂದು ರೇಷ್ಮೆ ಎಳೆಯ ಮೇಲೆ ಎಂಬುದು ಅದರ ಧ್ಯೇಯವಾಕ್ಯ. ಅಜ್ಜ ಲ್ಯಾಂಕಾಸ್ಟರ್ ಬಾಂಬರಿನ ಹಿಂಬದಿ ಗನ್ನರ್. 1944ರ ಜುಲೈಯಲ್ಲಿ ಸ್ಟುಟ್‌ಗಾರ್ಟಿನ ದಾರಿಯಲ್ಲಿ ವಿಮಾನ ಉರುಳಿತು. ಇಳಿದದ್ದು ಶತ್ರುವಿನ ನೆಲಕ್ಕೆ. ಪಿನ್ನಿಗಾಗಿ ಅರ್ಜಿ ಬರೆದದ್ದು ಸೆರೆಶಿಬಿರದಿಂದ.

2018ರಲ್ಲಿ ಅವರನ್ನು ಕ್ಯಾನ್ಬೆರಾದ ಯುದ್ಧ ಸ್ಮಾರಕಕ್ಕೆ ಕರೆದೊಯ್ದಿದ್ದೆ. 90 ದಾಳಿ ಮುಗಿಸಿ ಬದುಕಿ ಬಂದ 'ಜಿ ಫಾರ್ ಜಾರ್ಜ್' ಎಂಬ ಲ್ಯಾಂಕಾಸ್ಟರ್ ಆಗ ಅಲ್ಲಿತ್ತು. ಜನವೆಲ್ಲ ಮೂತಿಯ ಕಡೆ ಸೇರಿ ಫೋಟೊ ತೆಗೆಯುತ್ತಿದ್ದರೆ ಅಜ್ಜ ಕೋಲೂರಿಕೊಂಡು ನೇರ ಬಾಲದ ಕಡೆ ನಡೆದರು. ದೀಪ ಆರಿಸಿ ದಾಳಿಯ ಸದ್ದು ಕೇಳಿಸುವ ಪ್ರದರ್ಶನ ಶುರುವಾಯಿತು. ಎಲ್ಲರೂ ವಿಮಾನ ನೋಡುತ್ತಿದ್ದರು. ಅಜ್ಜ ವಿಮಾನಕ್ಕೆ ಬೆನ್ನು ಹಾಕಿ ಹಿಂದಿನ ಕತ್ತಲನ್ನು ನೋಡುತ್ತ ನಿಂತಿದ್ದರು.

98 ತುಂಬಿ ಹೋದರು. ಅವರ ಮಗಳು ನನ್ನ ಕೈಗೆ ಎರಡು ನಕಲು ಕೊಟ್ಟರು: ಹಾರಾಟದ ದಿನಚರಿ, ಮತ್ತು ಸೆರೆಯಲ್ಲಿ ವೈಎಂಸಿಎ ಹಂಚಿದ್ದ ನೋಟುಬುಕ್ಕಿನ ಹಾಳೆಗಳು. ಆ ಹಾಳೆಗಳ ಕೊನೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಊರುಗಳ ಪಟ್ಟಿ. ಆ ಪಟ್ಟಿ ಹಿಡಿದು ಹೊರಟೆ.

ಮೊದಲ ದಿನ: ಲಿಂಕನ್

ಲಂಡನ್ನಿನಿಂದ ರೈಲು ಉತ್ತರಕ್ಕೆ ಹೋದಷ್ಟೂ ನೆಲ ಚಪ್ಪಟೆಯಾಗುತ್ತದೆ. ಗುಡ್ಡವಿಲ್ಲದ ಈ ಬಯಲೇ ಲಿಂಕನ್‌ಶೈರನ್ನು ಬಾಂಬರುಗಳ ಜಿಲ್ಲೆಯಾಗಿ ಮಾಡಿತು. ಊರ ದಿಬ್ಬದ ಮೇಲೆ ಕೆಥೀಡ್ರಲ್. ರಾತ್ರಿ ದಾಳಿ ಮುಗಿಸಿ ಬೆಳಗಾಗುತ್ತ ಮರಳುವ ಹುಡುಗರಿಗೆ ಅದರ ಗೋಪುರಗಳು ಕಂಡರೆ ಮನೆ ಕಂಡಂತೆ.

ಎದುರು ದಿಬ್ಬದಲ್ಲಿ, ಬ್ರಿಟಿಷ್ ವಾಯುಪಡೆಯ ಬಾಂಬ್ ದಾಳಿ ವಿಭಾಗದ ನೆನಪಿನ ಬಾಂಬರ್ ಕಮಾಂಡ್ ಕೇಂದ್ರ. ತುಕ್ಕು ಬಣ್ಣದ ಉಕ್ಕಿನ ಸ್ತಂಭವೊಂದು ನೆಟ್ಟಗೆ ನಿಂತಿದೆ, ಎತ್ತರ 31.09 ಮೀಟರ್. ಲ್ಯಾಂಕಾಸ್ಟರಿನ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಅಷ್ಟೇ ಅಳತೆ. ಸುತ್ತ ಉಕ್ಕಿನ ಗೋಡೆಗಳು, ಅವುಗಳಲ್ಲಿ ಕೊರೆದ ಸುಮಾರು 58,000 ಹೆಸರು. ಬಾಂಬರ್ ಕಮಾಂಡಿನಲ್ಲಿ ಹಾರಿದವರು ಸುಮಾರು 1,25,000. ಅವರಲ್ಲಿ 55,573 ಮಂದಿ ಸತ್ತರು. ಸುಮಾರು 9,800 ಮಂದಿ ಸೆರೆಯಾದರು. ಆಸ್ಟ್ರೇಲಿಯದಿಂದ ಬಂದವರು ಸುಮಾರು 10,000, ವಾಪಸ್ಸಾಗದವರು ಸುಮಾರು 3,500.

ಅಜ್ಜನ ವಿಮಾನದಲ್ಲಿ ಏಳು ಜನ. ಇಬ್ಬರು ಬದುಕಿದರು. ಉಳಿದ ಐವರ ಹೆಸರುಗಳನ್ನು ಹುಡುಕಿ, ಒಂದೊಂದರ ಮೇಲೂ ಬೆರಳಾಡಿಸಿದೆ. ಗೋಡೆಯಲ್ಲಿ ಹೆಸರೆಂದರೆ ರಂಧ್ರ. ಆ ಬದಿಯ ಬೆಳಕು ಅಕ್ಷರದ ಮೂಲಕ ಈ ಬದಿಗೆ ಬರುತ್ತದೆ.

ಎರಡನೇ ದಿನ: ಈಸ್ಟ್ ಕರ್ಕ್‌ಬಿ

ಅಜ್ಜ ಹಾರಿದ್ದು ಇಲ್ಲಿಂದ. ಬ್ರಿಟಿಷ್ ವಾಯುಪಡೆಯ ತುಕಡಿಗಳಾದ 57 ಮತ್ತು 630ನೇ ಸ್ಕ್ವಾಡ್ರನ್‌ಗಳ ನೆಲೆ. ಆಸ್ಟ್ರೇಲಿಯದ ಹುಡುಗರು ಅಂದರೆ ಆಸ್ಟ್ರೇಲಿಯದ ಸ್ಕ್ವಾಡ್ರನ್ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿರಲಿಲ್ಲ. ಸಾಮ್ರಾಜ್ಯದ ವಾಯು ತರಬೇತಿ ಯೋಜನೆಯಲ್ಲಿ ತಯಾರಾದವರನ್ನು ಎಲ್ಲಿ ಖಾಲಿ ಇದೆಯೋ ಅಲ್ಲಿಗೆ ತುಂಬುತ್ತಿದ್ದರು. ಅಜ್ಜ ವಿಕ್ಟೋರಿಯದ ವೆಸ್ಟ್ ಸೇಲಿನಲ್ಲಿ ಗುಂಡು ಹಾರಿಸಲು ಕಲಿತು, ಹಡಗಿನಲ್ಲಿ ಅರ್ಧ ಭೂಮಿ ಸುತ್ತಿ ಬಂದು, ಇಂಗ್ಲಿಷರು, ಕೆನಡಾದವರ ಜೊತೆ ಒಂದೇ ವಿಮಾನ ಹತ್ತಿದರು.

ಈ ನೆಲೆಯನ್ನು ಇಂದು ವಸ್ತುಸಂಗ್ರಹಾಲಯವಾಗಿ ಉಳಿಸಿದವರು ಪ್ಯಾಂಟನ್ ಸಹೋದರರು, ಕೋಳಿ ಸಾಕುತ್ತಿದ್ದ ರೈತರು. ಅವರ ಅಣ್ಣ ಕ್ರಿಸ್ಟೊಫರ್ 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್ ದಾಳಿಗೆ ಹೋಗಿ ಸತ್ತ. ಆ ಒಂದೇ ರಾತ್ರಿ 95 ಬಾಂಬರುಗಳು ಹೋದವು. ತಮ್ಮಂದಿರು ದುಡಿದು ಕೂಡಿಟ್ಟ ಹಣದಲ್ಲಿ ಅಣ್ಣನ ನೆನಪಿಗೆ ಒಂದು ಲ್ಯಾಂಕಾಸ್ಟರನ್ನೇ ಕೊಂಡರು. 'ಜಸ್ಟ್ ಜೇನ್' ಎಂದು ಅದಕ್ಕೆ ಹೆಸರು. ಕೋಳಿಮೊಟ್ಟೆಯ ದುಡ್ಡಿನಲ್ಲಿ ಕಟ್ಟಿದ ಇದಕ್ಕಿಂತ ದೊಡ್ಡ ಸ್ಮಾರಕ ನಾನು ಕಂಡಿಲ್ಲ.

ಒಳಗೆ ಹೋಗಲು ಬಿಟ್ಟರು. ಹಿಂಬಾಗಿಲಿನಿಂದ ಹತ್ತಿದರೆ ಉಳಿದವರೆಲ್ಲ ಬಲಕ್ಕೆ, ಮೂತಿಯ ಕಡೆ ಹೋಗುತ್ತಾರೆ. ಹಿಂಬದಿ ಗನ್ನರ್ ಒಬ್ಬನೇ ಎಡಕ್ಕೆ. ಬಾಲದ ಕಡೆ ತೆವಳಿ, ಕಾಲು ಮುಂದೆ ಚಾಚಿ ಜಾರಿ, ಬೆನ್ನ ಹಿಂದಿನ ಎರಡು ಪುಟ್ಟ ಬಾಗಿಲು ಎಳೆದುಕೊಳ್ಳಬೇಕು. ಎದುರಿಗೆ ನಾಲ್ಕು ಬ್ರೌನಿಂಗ್ ಬಂದೂಕು, ಒಂದೊಂದೂ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಗುಂಡು ಉಗುಳುವಂಥದು. ಸುತ್ತ ಪರ್ಸ್‌ಪೆಕ್ಸ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಗೂಡು. ಟರೆಟ್ ಎಂಬ ಮಾತು ಅಜ್ಜ ಬಳಸಿದಾಗಲೆಲ್ಲ ನನ್ನ ಮನಸ್ಸಿನಲ್ಲಿ ಗೂಡು ಎಂದೇ ಅನುವಾದವಾಗುತ್ತಿತ್ತು. ಹೊರಗಿನಿಂದ ಇಣುಕಿದ ಮೇಲೆ ಅದು ಸರಿಯೆನ್ನಿಸಿತು. ಮಗ್ಗುಲು ಬದಲಿಸಲು ಜಾಗವಿಲ್ಲ. ಎಂಟು ತಾಸು ಹೀಗೇ ಕೂರಬೇಕು.

ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಇಳಿಯುತ್ತಿತ್ತು. ಕರೆಂಟಿನಿಂದ ಬಿಸಿಯಾಗುವ ಉಡುಪು, ಮೂರ್ನಾಲ್ಕು ಪದರ ಕೈಗವಸು, ಎಲ್ಲಕ್ಕಿಂತ ಒಳಗಿನದು ರೇಷ್ಮೆಯದು. ಇಷ್ಟರ ಮೇಲೆ ಹಲವು ಗನ್ನರ್‌ಗಳು ಎದುರಿನ ಪರ್ಸ್‌ಪೆಕ್ಸನ್ನೇ ಕತ್ತರಿಸಿ ತೆಗೆಸುತ್ತಿದ್ದರು. ಗಾಜಿನ ಮೇಲಿನ ಒಂದು ಕಲೆ ಶತ್ರುವಿಮಾನದಂತೆ ಕಾಣಬಹುದು, ಶತ್ರುವಿಮಾನ ಕಲೆಯಂತೆ ಕಾಣಬಹುದು. ಅದಕ್ಕಿಂತ ಮುಖ ಮರಗಟ್ಟುವುದೇ ಮೇಲು.

ಅಜ್ಜ 19 ದಾಳಿಗಳಲ್ಲಿ ಎರಡೇ ಸಲ ಗುಂಡು ಹಾರಿಸಿದ್ದರಂತೆ. ಗನ್ನರ್ ಅಂದರೆ ಹೊಡೆಯುವವನು ಎಂದು ನಾನು ತಿಳಿದಿದ್ದೆ. "ಅಲ್ಲ," ಅಂದಿದ್ದರು, "ನನ್ನ ಕೆಲಸ ನೋಡುವುದು." ಕತ್ತಲಲ್ಲಿ ಕತ್ತಲಿಗಿಂತ ಕಪ್ಪಾದದ್ದು ಏನಾದರೂ ಸರಿದರೆ ಪೈಲಟಿಗೆ ಕೂಗಿ ಹೇಳಬೇಕು, ಎಡಕ್ಕೋ ಬಲಕ್ಕೋ. ಕೂಗಿದ ತಕ್ಷಣ ಪೈಲಟ್ ಇಡೀ ವಿಮಾನವನ್ನು ತಿರುಪಿನಂತೆ ತಿರುಗಿಸಿ ಕೆಳಗೆ ಧುಮುಕಿಸುತ್ತಾನೆ. ಹೀಗೆ ನೋಡಿದ್ದರಿಂದಲೇ ಏಳು ಜನ ಬದುಕುತ್ತಿದ್ದರು. ಆದರೆ 1943ರ ಕೊನೆಯ ಹೊತ್ತಿಗೆ ಜರ್ಮನ್ನರು ಮೇಲ್ಮುಖವಾಗಿ ಗುಂಡು ಹಾರಿಸುವ ಫಿರಂಗಿಗಳನ್ನು ರಾತ್ರಿ ಫೈಟರುಗಳ ಬೆನ್ನಿಗೆ ಜೋಡಿಸಿದರು. ಅವು ಬಾಂಬರಿನ ಹೊಟ್ಟೆಯ ಕೆಳಗೆ ಬಂದು ನಿಲ್ಲುತ್ತಿದ್ದವು. ಹಿಂದೆ ಕೂತವನಿಗೆ ಹೊಟ್ಟೆಯ ಕೆಳಗಿನದು ಕಾಣುವುದಿಲ್ಲ. ಅಜ್ಜನ ವಿಮಾನಕ್ಕೆ ಹೊಡೆತ ಬಿದ್ದದ್ದು ಅಲ್ಲಿಂದ. "ನಾನು ನೋಡಲಿಲ್ಲ" ಎಂಬ ಮಾತನ್ನು ಅವರು 90 ದಾಟಿದ ಮೇಲೂ ಹೇಳುತ್ತಿದ್ದರು. ನೋಡಲು ಸಾಧ್ಯವೇ ಇರಲಿಲ್ಲ ಅಜ್ಜ ಎಂದರೆ ತಲೆಯಾಡಿಸುತ್ತಿದ್ದರು, ಒಪ್ಪಿ ಅಲ್ಲ.

ಪ್ಯಾರಾಚೂಟ್ ಹಾಕಿಕೊಂಡು ಆ ಗೂಡಿನಲ್ಲಿ ಕೂರಲು ಆಗುವುದಿಲ್ಲ. ಅದು ಬೆನ್ನ ಹಿಂದೆ, ಬಾಗಿಲಿನಾಚೆ ತೂಗಿರುತ್ತದೆ. ಉರಿಯುವ ವಿಮಾನದಲ್ಲಿ ಟರೆಟನ್ನು ನೇರಕ್ಕೆ ತಂದು, ಬಾಗಿಲು ತೆರೆದು, ಕೈ ಹಿಂದೆ ಚಾಚಿ ಆ ಕಟ್ಟನ್ನು ಎಳೆದು, ಎದೆಗೆ ಸಿಕ್ಕಿಸಿ, ಟರೆಟನ್ನು ಪಕ್ಕಕ್ಕೆ ತಿರುಗಿಸಿ, ತೆರೆದ ಬಾಗಿಲಿನಿಂದ ಬೆನ್ನು ಮುಂದಾಗಿ ಆಕಾಶಕ್ಕೆ ಬೀಳಬೇಕು. ಹೈಡ್ರಾಲಿಕ್ ಸತ್ತಿದ್ದರೆ ಟರೆಟನ್ನು ಕೈಯಲ್ಲೇ ತಿರುವಬೇಕು. ಅಜ್ಜ ಕೈಯಲ್ಲಿ ತಿರುವಿದ್ದರು.

ಹಾರಾಟದ ದಿನಚರಿಯ ಕೊನೆಯ ಸಾಲಿನ ಅಕ್ಷರ ಅವರದಲ್ಲ. ಬೇರೆ ಯಾರದೋ ದುಂಡಗಿನ ಕೈ: ಸ್ಟುಟ್‌ಗಾರ್ಟ್, ಮರಳಲಿಲ್ಲ. ರನ್‌ವೇಯ ಉಳಿದ ತುಂಡಿನ ಮೇಲೆ ನಿಂತು ಆ ಹಾಳೆ ತೆರೆದೆ. ಗಾಳಿ ಬಹಳ ಇತ್ತು, ಮುಚ್ಚಿಟ್ಟೆ.

ಮೂರನೇ ದಿನ: ಬಿನ್‌ಬ್ರೂಕ್

ಆಸ್ಟ್ರೇಲಿಯದ್ದೇ ಆದ 460ನೇ ಸ್ಕ್ವಾಡ್ರನ್ 1943ರ ಮೇ ತಿಂಗಳಿಂದ ಇಲ್ಲಿತ್ತು. ಕ್ಯಾನ್ಬೆರಾದ ಜಾರ್ಜ್ ಹಾರಿದ್ದು ಈ ಸ್ಕ್ವಾಡ್ರನ್ನಿನಲ್ಲೇ. ಹಳ್ಳಿಯ ನಡುವೆ ಸ್ಮಾರಕ ಕಲ್ಲು. ಸತ್ತವರು 1,018, ಅವರಲ್ಲಿ 589 ಆಸ್ಟ್ರೇಲಿಯನ್ನರು. ಕಲ್ಲಿನ ಬುಡದಲ್ಲಿ ಯಾರೋ ಇಟ್ಟ ನೀಲಗಿರಿ ಸೊಪ್ಪು ಒಣಗಿತ್ತು. ಮುಟ್ಟಿ ಕೈ ಮೂಸಿದೆ, ಇನ್ನೂ ಘಮವಿತ್ತು. ಮಧ್ಯಾಹ್ನದ ಹೊತ್ತಿಗೆ ವಿಮಾನ ಹಿಡಿಯಲು ಹೊರಟೆ.

ನಾಲ್ಕನೇ ದಿನ: ಬರ್ಲಿನ್

ಹೀರ್‌ಸ್ಟ್ರಾಸೆಯ ಯುದ್ಧ ಸ್ಮಶಾನದಲ್ಲಿ ಸುಮಾರು 3,600 ಸಮಾಧಿ, ಬಹುಪಾಲು ವಿಮಾನದವರದು. ಏಳೇಳು ಕಲ್ಲುಗಳು ಒಂದಕ್ಕೊಂದು ತಾಗಿ ನಿಂತದ್ದು ಕಂಡರೆ ಅದು ಒಂದು ವಿಮಾನ. ಇಲ್ಲಿ ಪತ್ರಕರ್ತನೊಬ್ಬನೂ ಇದ್ದಾನೆ. ಸಿಡ್ನಿಯ ನಾರ್ಮನ್ ಸ್ಟಾಕ್ಟನ್ 1943ರ ಡಿಸೆಂಬರ್ 2ರ ರಾತ್ರಿ ಬಿನ್‌ಬ್ರೂಕಿನಿಂದ ಲ್ಯಾಂಕಾಸ್ಟರ್ ಹತ್ತಿದ್ದ, ದಾಳಿಯನ್ನು ಕಣ್ಣಾರೆ ಕಂಡು ಬರೆಯಲು. ಅದೇ ರಾತ್ರಿ ಅದೇ ಸ್ಕ್ವಾಡ್ರನ್ನಿನ ಇನ್ನೊಂದು ವಿಮಾನದಲ್ಲಿ ನಾರ್ವೆಯ ಕವಿ ನೂರ್ದಾಲ್ ಗ್ರೀಗ್. ಇಬ್ಬರೂ ಮರಳಲಿಲ್ಲ.

ಸಂಜೆ ಕೈಸರ್ ವಿಲ್ಹೆಲ್ಮ್ ಇಗರ್ಜಿಯ ಮುಂದೆ ಕೂತೆ. 1943ರ ನವೆಂಬರಿನ ದಾಳಿಯಲ್ಲಿ ಉರಿದು ಉಳಿದ ಮುರುಕು ಗೋಪುರವನ್ನು ಹಾಗೆಯೇ ಬಿಟ್ಟಿದ್ದಾರೆ. ಅದರ ನೆರಳಿನಲ್ಲಿ ಮಕ್ಕಳು ಐಸ್‌ಕ್ರೀಮ್ ತಿನ್ನುತ್ತಿದ್ದರು. ಅಜ್ಜನ ಮೇಲಿನ ನನ್ನ ಪ್ರೀತಿಗೆ ಇಲ್ಲಿ ಮಾತ್ರ ಒಂದು ಭಾರ ಬಂತು. ಬಾಂಬು ಬಿದ್ದದ್ದು ಕಾರ್ಖಾನೆಗಳ ಮೇಲಷ್ಟೇ ಅಲ್ಲ. ಒಲೆಯ ಮುಂದೆ ಕೂತವರ ಮೇಲೆ, ನೆಲಮಾಳಿಗೆಯಲ್ಲಿ ಮಗುವನ್ನು ಮಡಿಲಲ್ಲಿ ಅವುಚಿಕೊಂಡವರ ಮೇಲೆ.

ಅಜ್ಜ ಇದನ್ನು ನನಗಿಂತ ಚೆನ್ನಾಗಿ ಬಲ್ಲವರು. ಒಂದು ಸಲ ಹೇಳಿದ್ದರು. ಬಾಂಬು ಹಾಕಿದ ಮೇಲೆ ಪೈಲಟ್ ಮನೆಯ ಕಡೆ ತಿರುಗುತ್ತಾನೆ. ಅವನ ಕಣ್ಣೆದುರು ಕತ್ತಲು. ನಕಾಶೆ ನೋಡುವವನ ಮುಂದೆ ನಕಾಶೆ. ಹಿಂದೆ ಕೂತವನಿಗೆ ಮಾತ್ರ ಊರು ಉರಿಯುವುದು ಕಾಣುತ್ತಲೇ ಇರುತ್ತದೆ, ಹತ್ತು ಮೈಲಿ, ಐವತ್ತು ಮೈಲಿ, ಇನ್ನೂ ಆಚೆಗೆ. ಕಣ್ಣು ಮುಚ್ಚುವಂತಿಲ್ಲ, ಏಕೆಂದರೆ ನೋಡುವುದೇ ಕೆಲಸ. "ಏಳು ಜನರೂ ಸುಟ್ಟೆವು, ನೋಡಿದವನು ನಾನು" ಅಂದಿದ್ದರು. ಆ ದಿನ ಚಹಾ ಕುಡಿಯದೆ ಎದ್ದುಹೋದರು. ಕ್ಯಾನ್ಬೆರಾದಲ್ಲಿ ಅವರು ಬೆನ್ನು ಹಾಕಿ ನಿಂತು ನೋಡುತ್ತಿದ್ದದ್ದು ಏನೆಂದು ನನಗೆ ಆ ಇಗರ್ಜಿಯ ಎದುರು ಹೊಳೆಯಿತು.

ಐದನೇ ದಿನ: ಝಾಗಾನ್

ಕಾರು ಹಿಡಿದು ಪೋಲೆಂಡಿಗೆ. ಆಗ ಇದು ಜರ್ಮನಿಯ ಸಾಗಾನ್, ವಿಮಾನದವರ ಸೆರೆಶಿಬಿರ ಸ್ಟಾಲಾಗ್ ಲುಫ್ಟ್ 3 ಇದ್ದ ಊರು. ಅಜ್ಜ ಇಲ್ಲಿರಲಿಲ್ಲ. ಇದು ಮುಖ್ಯವಾಗಿ ಅಧಿಕಾರಿಗಳ ಶಿಬಿರ, ಗನ್ನರ್‌ಗಳಲ್ಲಿ ಹೆಚ್ಚಿನವರು ಸಾರ್ಜೆಂಟರು. ಆದರೂ ನಾನು ಇಲ್ಲಿ ಇಳಿದದ್ದು ಇನ್ನೊಬ್ಬ ಹಿಂಬದಿ ಗನ್ನರನಿಗಾಗಿ: ಥಾಮಸ್ ಬಾರ್ಕರ್ ಲೀ. ಆಸ್ಟ್ರೇಲಿಯದಲ್ಲಿ ಹುಟ್ಟಿ ಬ್ರಿಟಿಷ್ ವಾಯುಪಡೆ ಸೇರಿ, ಹ್ಯಾಲಿಫ್ಯಾಕ್ಸ್ ಬಾಂಬರಿನ ಬಾಲದಲ್ಲಿ ಕೂತು 1941ರಲ್ಲಿ ಸೆರೆಸಿಕ್ಕವನು.

ಪೈನ್ ಕಾಡು, ಕಾಲಿಟ್ಟಲ್ಲೆಲ್ಲ ಮರಳು. ಮೇಲಿನದು ಬೂದು ಬಣ್ಣ, ಬೆರಳಿನಿಂದ ಕೆದಕಿದರೆ ಕೆಳಗೆ ಹಳದಿ. ಸುರಂಗ ತೋಡಬಾರದೆಂದೇ ಈ ಜಾಗ ಆರಿಸಿದ್ದರು. ಹೊಸ ಮಣ್ಣು ಎಲ್ಲೇ ಚೆಲ್ಲಿದರೂ ಎದ್ದು ಕಾಣುತ್ತದೆ. ಗುಡಿಸಲುಗಳನ್ನು ನೆಲದಿಂದ ಎತ್ತರಿಸಿ ಕಟ್ಟಿದ್ದರು, ಅಗೆತದ ಸದ್ದು ಹಿಡಿಯಲು ನೆಲದಲ್ಲಿ ಮೈಕ್ರೊಫೋನ್ ಹೂತಿದ್ದರು. ಕೈದಿಗಳು ಹಳದಿ ಮರಳನ್ನು ಪ್ಯಾಂಟಿನೊಳಗಿನ ಉದ್ದ ಚೀಲದಲ್ಲಿ ತುಂಬಿ, ಅಂಗಳದಲ್ಲಿ ಅಡ್ಡಾಡುತ್ತ ದಾರ ಎಳೆದು ಚೂರುಚೂರೇ ಉದುರಿಸಿ ಕಾಲಿನಿಂದ ಬೆರೆಸಿದರು. 'ಹ್ಯಾರಿ' ಎಂಬ ಸುರಂಗ ಸುಮಾರು 9 ಮೀಟರ್ ಆಳ, 100 ಮೀಟರಿಗೂ ಉದ್ದ. ಗೋಡೆ ಕುಸಿಯದಂತೆ ಮಂಚದ ಹಲಗೆ, ಗಾಳಿ ಬರಲು ರೆಡ್‌ಕ್ರಾಸ್ ಪೊಟ್ಟಣದ ಹಾಲಿನ ಪುಡಿ ಡಬ್ಬಿಗಳನ್ನು ಜೋಡಿಸಿದ ಕೊಳವೆ. ಆಸ್ಟ್ರೇಲಿಯದ ಆಲ್ಬರ್ಟ್ ಹೇಕ್ ದಿಕ್ಸೂಚಿಗಳನ್ನು ಮಾಡಿದ: ಕರಗಿಸಿದ ಗ್ರಾಮೊಫೋನ್ ತಟ್ಟೆಯ ಬಟ್ಟಲು, ಅಯಸ್ಕಾಂತಕ್ಕೆ ಉಜ್ಜಿದ ರೇಜರ್ ಬ್ಲೇಡಿನ ಮುಳ್ಳು.

1944ರ ಮಾರ್ಚ್ 24ರ ರಾತ್ರಿ 76 ಜನ ಹೊರಬಿದ್ದರು. ಮೂವರು ಮನೆ ಮುಟ್ಟಿದರು. ಸಿಕ್ಕಿಬಿದ್ದ 73 ಜನರಲ್ಲಿ 50 ಮಂದಿಯನ್ನು ಹಿಟ್ಲರನ ಆಜ್ಞೆಯಂತೆ ಅವನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಗುಂಡಿಟ್ಟು ಕೊಂದಿತು. ಲೀ ಮತ್ತು ಹೇಕ್ ಇಬ್ಬರೂ ಆ ಐವತ್ತರಲ್ಲಿ. ಇದಾದದ್ದು ಪ್ಯಾಂಟನ್ ಸಹೋದರರ ಅಣ್ಣ ಸತ್ತ ಅದೇ ವಾರ.

104ನೇ ಗುಡಿಸಲಿನಲ್ಲಿ ಒಲೆಯ ಕೆಳಗೆ ಸುರಂಗದ ಬಾಯಿ ಇತ್ತು. ಅಲ್ಲಿಂದ ಬೇಲಿಯಾಚೆಗೆ ಸುರಂಗ ಸಾಗಿದ ದಾರಿಯನ್ನು ನೆಲದ ಮೇಲೆ ಕಲ್ಲು ಹಾಸಿ ಗುರುತಿಸಿದ್ದಾರೆ. ಅದರ ಮೇಲೆ ನಡೆದೆ. ಕಾಡಿನ ಅಂಚಿಗೆ ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ಕಲ್ಲು ಮುಗಿಯುತ್ತದೆ. ಮರಗಳ ಮರೆಗೆ ಇನ್ನೂ ಕೆಲವು ಹೆಜ್ಜೆ ಬೇಕಿತ್ತು. ಆ ಕೆಲವು ಹೆಜ್ಜೆಯ ಬಯಲಿನಲ್ಲಿ ಬಹಳ ಹೊತ್ತು ನಿಂತೆ.

ಆರನೇ ದಿನ: ಬೊಂಕುಫ್, ಪೊಕುಯ್

ಇಂದಿನಿಂದ ಅಜ್ಜನ ಪಟ್ಟಿ. ವ್ರೊತ್ಸ್ವಾಫ್‌ನಿಂದ ಪೂರ್ವಕ್ಕೆ ಕ್ಲುಚ್ಬೊರ್ಕ್, ಅದರಾಚೆ ಬೊಂಕುಫ್ ಎಂಬ ಹಳ್ಳಿ. ಅಜ್ಜ ಬರೆದದ್ದು ಬಾಂಕಾವ್, ಆಗಿನ ಜರ್ಮನ್ ಹೆಸರು. ಕ್ಲುಚ್ಬೊರ್ಕಿನಲ್ಲಿ ಒಂದು ತಾಸು ನಿಂತೆ. ಜೇನ್ನೊಣದ ಗಂಡು ಹುಳ ತಂದೆಯಿಲ್ಲದೆ ಹುಟ್ಟುತ್ತದೆಂದು ಕಂಡುಕೊಂಡ ಪಾದ್ರಿ ಯಾನ್ ಜೆರ್ಜೋನ್ ಈ ಸೀಮೆಯವರು, ಅವರ ಹೆಸರಿನ ವಸ್ತುಸಂಗ್ರಹಾಲಯ ಇಲ್ಲಿದೆ. ಹುಳ ಸಾಕಿದ ಮನೆಯವಳು ಅದನ್ನು ದಾಟಿ ಹೋಗುವುದು ಹೇಗೆ?

ಸೆರೆ ಸಿಕ್ಕವರನ್ನು ಮೊದಲು ಫ್ರಾಂಕ್‌ಫರ್ಟಿನ ಬಳಿಯ ಓಬರ್‌ಉರ್ಸೆಲ್‌ಗೆ ಒಯ್ಯುತ್ತಿದ್ದರು. ಒಂಟಿ ಕೋಣೆ, ಪ್ರಶ್ನೆಗಳು. ಹೆಸರು, ಹುದ್ದೆ, ನಂಬರು ಬಿಟ್ಟು ಬೇರೇನೂ ಹೇಳುವಂತಿಲ್ಲ. ಅಲ್ಲಿಂದ ಅಜ್ಜನನ್ನು ಇಲ್ಲಿನ ಸ್ಟಾಲಾಗ್ ಲುಫ್ಟ್ 7ಕ್ಕೆ ತಂದರು. 1944ರ ಜೂನಿನಲ್ಲಷ್ಟೇ ತೆರೆದ ಶಿಬಿರ. ಮೊದಲ ತಿಂಗಳುಗಳಲ್ಲಿ ಮಲಗಿದ್ದು ಕೋಳಿಗೂಡಿನಂಥ ಪುಟ್ಟ ಮರದ ಪೆಟ್ಟಿಗೆಗಳಲ್ಲಿ, ಒಂದೊಂದರಲ್ಲಿ ಆರಾರು ಜನ. ಜಿನೀವಾ ಒಪ್ಪಂದದಂತೆ ಸಾರ್ಜೆಂಟರಿಂದ ಬಲವಂತವಾಗಿ ಕೆಲಸ ಮಾಡಿಸುವಂತಿಲ್ಲ. ಹಾಗಾಗಿ ಕೆಲಸವೆಂದರೆ ಕಾಯುವುದು, ಹಸಿಯುವುದು. ವೈಎಂಸಿಎ ನೋಟುಬುಕ್ಕಿನಲ್ಲಿ ಅಜ್ಜ ಬರೆದದ್ದರಲ್ಲಿ ಅರ್ಧ ಅಡುಗೆಯ ವಿಧಾನಗಳು. ಅಮ್ಮನ ಕುರಿಮಾಂಸದ ಹುರುಕಲು, ಜಾಮ್ ತುಂಬಿದ ಪುಡಿಂಗು, ಹನ್ನೆರಡು ಮೊಟ್ಟೆಯ ಕೇಕು. ಹಸಿದ ಹುಡುಗರು ಒಬ್ಬರಿಗೊಬ್ಬರು ಅಡುಗೆ ಹೇಳಿ ಬರೆಸಿಕೊಳ್ಳುತ್ತಿದ್ದರಂತೆ. ಒಂದು ಹಾಳೆಯ ಮೂಲೆಯಲ್ಲಿ ರೇಷ್ಮೆ ಹುಳದ ಚಿತ್ರ. ಇರ್ವಿನ್ ಕಂಪನಿಗೆ ಪತ್ರ ಹಾಕಿದ ದಿನ ಬರೆದದ್ದಿರಬೇಕು.

1945ರ ಜನವರಿ 12ರಂದು ಸೋವಿಯತ್ತಿನ ಕೆಂಪು ಸೇನೆ ಮುನ್ನುಗ್ಗಿತು. 19ರ ನಸುಕಿನಲ್ಲಿ ಸುಮಾರು 1,500 ಕೈದಿಗಳನ್ನು ಹಿಮದಲ್ಲಿ ಹೊರಡಿಸಿದರು. ಸಾಲಿನಿಂದ ಒಬ್ಬ ಕಾಣೆಯಾದರೆ ಐವರನ್ನು ಕೊಲ್ಲುತ್ತೇವೆಂಬ ಬೆದರಿಕೆ. ಅದನ್ನು ನಡೆಸಲಿಲ್ಲ, ಆದರೆ ಕೇಳಿದವರಿಗೆ ಆಗ ಅದು ಗೊತ್ತಿರಲಿಲ್ಲ.

ನಾನು ಹೋದದ್ದು ಬೇಸಗೆಯಲ್ಲಿ. ಗೋಧಿ ಹಣ್ಣಾಗಿತ್ತು, ರಸ್ತೆಯ ಪಕ್ಕ ಗಸಗಸೆ ಹೂ. ಹಿಮವನ್ನು ಮನಸ್ಸಿನಲ್ಲೇ ಹಾಸಿಕೊಳ್ಳಬೇಕಾಯಿತು. ಪಟ್ಟಿಯ ಎರಡನೇ ಊರು ಕಾರ್ಲ್ಸ್‌ರೂಯೆ. ಪಾಳುಬಿದ್ದ ಇಟ್ಟಿಗೆ ಕಾರ್ಖಾನೆಯಲ್ಲಿ ಅವರನ್ನು ತುಂಬಿದ್ದರು. ಈಗ ಆ ಊರಿಗೆ ಪೋಲಿಷಿನಲ್ಲಿ ಪೊಕುಯ್ ಎಂದು ಹೆಸರು, ಅಂದರೆ ಶಾಂತಿ. ಚಹಾದಂಗಡಿಯಲ್ಲಿ ಅಜ್ಜನ ಹಾಳೆ ತೋರಿಸಿ ಇಟ್ಟಿಗೆಯ ಚಿತ್ರ ಬರೆದು ಕೇಳಿದೆ. ಅಲ್ಲಿದ್ದ ಹೆಂಗಸು ಪೆನ್ಸಿಲಿನ ಅಕ್ಷರವನ್ನು ಓದಿ, ಏನನ್ನೂ ಕೇಳದೆ, ಬಿಸಿ ಸೂಪು ಮತ್ತು ಎರಡು ದಪ್ಪ ಬ್ರೆಡ್ಡು ತಂದಿಟ್ಟರು. ಹಣ ತೆಗೆದುಕೊಳ್ಳಲಿಲ್ಲ.

ಏಳನೇ ದಿನ: ಓಡರ್ ನದಿಯಿಂದ ಝ್ವೊತೊರಿಯಕ್ಕೆ

ಇಟ್ಟಿಗೆ ಕಾರ್ಖಾನೆಯಿಂದ ಅದೇ ಇರುಳು ಮತ್ತೆ ಎಬ್ಬಿಸಿದರು. ಸೇತುವೆಗಳನ್ನು ಸಿಡಿಸುವ ಮುಂಚೆ ಓಡರ್ ದಾಟಿಸಬೇಕಿತ್ತು. ಸುಮಾರು 40 ಕಿಲೋಮೀಟರ್, ಒಂದೇ ಉಸಿರಿಗೆ. ಅಜ್ಜ ಸಾಲಿನ ಕೊನೆಯಲ್ಲಿ ನಡೆದರಂತೆ. ಅಭ್ಯಾಸಬಲ. ಹಿಂದೆ ಯಾರೂ ಇಲ್ಲದ ಜಾಗವೇ ಅವರಿಗೆ ತಮ್ಮದು ಅನ್ನಿಸುತ್ತಿತ್ತು. ಕುಸಿದವರನ್ನು ಮೊದಲು ಕಾಣುತ್ತಿದ್ದವರೂ ಅವರೇ. ಕಾಲಿನ ಬೆರಳು ಮರಗಟ್ಟಿದ ಕೆನಡಾದ ಹುಡುಗನೊಬ್ಬನನ್ನು ಎರಡು ದಿನ ತೋಳು ಹಿಡಿದು ಎಳೆದಿದ್ದರು. "ಆ ಸಲ ನೋಡಿದೆ" ಅಂದಿದ್ದರು.

ನದಿ ದಂಡೆಯಲ್ಲಿ ಮೀನು ಹಿಡಿಯುವವರು ಇಬ್ಬರು, ನಿಧಾನದ ಕಂದು ನೀರು. ದಾಟಿದ ಮೇಲೆ ದಿನವಿಡೀ ಒಳರಸ್ತೆಗಳು. ಕೊಟ್ಟಿಗೆ, ಹುಲ್ಲಿನ ಅಟ್ಟ, ಮತ್ತೆ ಕೊಟ್ಟಿಗೆ: ಅವರು ಮಲಗಿದ ಜಾಗಗಳು. ಪಟ್ಟಿಯಲ್ಲಿ ಕೆಲವು ಹೆಸರುಗಳ ಎದುರು ಚಿಕ್ಕ ಗುರುತುಗಳಿವೆ. ಎಣಿಸಿದಾಗ ತಿಳಿಯಿತು, ಅವು ಆ ದಿನ ಸಿಕ್ಕ ಬ್ರೆಡ್ಡಿನ ಚೂರುಗಳ ಲೆಕ್ಕ. ಕೆಲವು ಹೆಸರುಗಳ ಎದುರು ಏನೂ ಇಲ್ಲ. ಫೆಬ್ರವರಿ 5ರಂದು ಗೋಲ್ಡ್‌ಬರ್ಗ್, ಈಗಿನ ಝ್ವೊತೊರಿಯ. ಸುಮಾರು 240 ಕಿಲೋಮೀಟರ್ ನಡೆದಾಗಿತ್ತು. ಅಲ್ಲಿ ಅವರನ್ನು ದನ ಸಾಗಿಸುವ ರೈಲು ಡಬ್ಬಿಗಳಿಗೆ ತುಂಬಿ ಬಾಗಿಲು ಹಾಕಿದರು. ಹೊರಗೆ ಬಿಟ್ಟದ್ದು ಮೂರು ದಿನದ ಮೇಲೆ.

ನನ್ನ ಕಾರಿಗೆ ಇಡೀ ದಾರಿ ಒಂದು ಹಗಲು ಸಾಕಾಯಿತು.

ಎಂಟನೇ ದಿನ: ಲುಕೆನ್‌ವಾಲ್ಡೆ

ಬರ್ಲಿನ್ನಿನ ದಕ್ಷಿಣಕ್ಕೆ, ಸ್ಟಾಲಾಗ್ 3ಎ ಎಂಬ ಸೆರೆಶಿಬಿರ. ಇಲ್ಲಿ ಎಲ್ಲ ದೇಶದವರೂ ಇದ್ದರು. ಹೆಚ್ಚು ಸತ್ತವರು ಸೋವಿಯತ್ ಕೈದಿಗಳು. ಜಿನೀವಾ ಒಪ್ಪಂದದ ಆಸರೆಯನ್ನೂ ಅವರಿಗೆ ಕೊಟ್ಟಿರಲಿಲ್ಲ, ಅವರನ್ನು ಹೂತದ್ದು ಸಾಮೂಹಿಕ ಗುಂಡಿಗಳಲ್ಲಿ. ಬೇಲಿಯ ಆ ಬದಿಯಿಂದ ಅವರು ಕೈ ಚಾಚುತ್ತಿದ್ದದ್ದನ್ನು ಅಜ್ಜ ಬರೆದಿದ್ದಾರೆ, ಒಂದೇ ಸಾಲು. ಏಪ್ರಿಲ್ 22ರಂದು ಕೆಂಪು ಸೇನೆ ಬಂತು. ಆದರೂ ಮನೆಗೆ ಹೋಗಲು ಮತ್ತೆ ಒಂದು ತಿಂಗಳ ಹತ್ತಿರ ಕಾಯಬೇಕಾಯಿತು, ಎಲ್ಬೆ ದಾಟಿ ಅಮೆರಿಕನ್ನರ ಕೈ ಸೇರುವವರೆಗೆ. ಅಜ್ಜ ಆಗ 22ರ ಹುಡುಗ. ತೂಕ 44 ಕಿಲೋ.

ಶಿಬಿರದ ಸ್ಮಶಾನದಲ್ಲಿ ಕೆಲಸ ಮುಗಿಸಿ ಊರ ಅಂಚಿನಲ್ಲಿ ನಡೆಯುತ್ತಿದ್ದೆ. ಹಳೆಯ ಶಾಲೆಯೊಂದರ ಬೇಲಿಯ ಬಳಿ ಕಾಲು ತಾನಾಗಿ ನಿಂತಿತು. ಮೂಗು ಮೊದಲು ಗುರುತಿಸಿತು, ಆಮೇಲೆ ಕಣ್ಣು. ನೆಲದ ಮೇಲೆ ಉದುರಿ ಜಜ್ಜಿಹೋದ ನೇರಳೆ ಬಣ್ಣದ ಹಣ್ಣು. ಹಿಪ್ಪುನೇರಳೆ. ಬುಡ ನನ್ನ ಎರಡು ತೋಳಿಗೂ ಸಿಗದಷ್ಟು ದಪ್ಪ.

ನಾಯಿ ಹಿಡಿದುಕೊಂಡು ಬಂದ ವಯಸ್ಸಾದವರೊಬ್ಬರು ನಾನು ಮರ ತಬ್ಬಿದ್ದು ಕಂಡು ನಿಂತರು. ಅವರ ಅಮ್ಮ ಯುದ್ಧದ ಕಾಲದಲ್ಲಿ ಇಂಥದೇ ಶಾಲೆಯ ಹುಡುಗಿಯಂತೆ. ಶಾಲೆಶಾಲೆಗಳಲ್ಲೂ ಹಿಪ್ಪುನೇರಳೆ ನೆಡಿಸಿ, ಮಕ್ಕಳಿಂದ ಹುಳ ಸಾಕಿಸುತ್ತಿದ್ದರು. ಜರ್ಮನ್ ಪ್ಯಾರಾಚೂಟುಗಳಿಗೆ ರೇಷ್ಮೆ ಬೇಕಿತ್ತು. ಅಮ್ಮನಿಗೆ ರಾತ್ರಿಯೆಲ್ಲ ಹುಳ ಮೇಯುವ ಸದ್ದು ಕೇಳುತ್ತಿತ್ತಂತೆ.

"ಮಳೆಯ ಹಾಗೆ?" ಅಂದೆ.

ಅವರು ಹೌದು ಎಂದು ತಲೆಯಾಡಿಸಿದರು. ಅಮ್ಮನೂ ಹಾಗೇ ಹೇಳುತ್ತಿದ್ದಳು ಅಂದರು.

ಒಂದು ರೆಂಬೆಯ ಫೋಟೊ ತೆಗೆದು ಊರಿಗೆ, ಅಮ್ಮನಿಗೆ ಕಳಿಸಿದೆ. ಅಲ್ಲಿ ಆಗ ಸಂಜೆ, ಸೊಪ್ಪು ಹಾಕುವ ಹೊತ್ತು. ಎರಡೇ ನಿಮಿಷಕ್ಕೆ ಫೋನ್ ಬಂತು.

"ಎಲ್ಲೀದೇ ಇದು?"

"ಜರ್ಮನೀದು ಅಮ್ಮ."

"ಮರ ಬಿಟ್ಟವ್ರೆ, ಕತ್ತರ್ಸಿಲ್ಲ," ಅಂದಳು ಅಮ್ಮ. "ಸೊಪ್ಪು ಬಲ್ತೋಗೈತೆ. ಚಾಕಿ ಹುಳಕ್ಕೆ ಆಗಕಿಲ್ಲ, ದೊಡ್ಡ ಹುಳ ಆದ್ರೆ ತಿಂತವೆ."